ಏದೆನ್ ತೋಟದ ಹಾವು: ಆದಿಕಾಂಡ ಮೂರನೇ ಅಧ್ಯಾಯವನ್ನು ಗುಂಪಿನಲ್ಲಿ ಓದಿಸುವ ಕ್ರಮ

ಮಂಗಳೂರು, ಉಡುಪಿ ಕಡೆಯ ಯಾವುದೇ ಬೈಬಲ್ ಅಧ್ಯಯನದ ಗುಂಪಿನಲ್ಲಿ "ಏದೆನ್ ತೋಟದ ಹಾವು ಯಾರು?" ಎಂದು ಕೇಳಿ ನೋಡಿ. "ಸೈತಾನ" ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಆದರೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಮೂರನೇ ಅಧ್ಯಾಯದ 24 ವಚನಗಳಲ್ಲಿ ಸೈತಾನನ ಹೆಸರು ಒಂದು ಸಲವೂ ಇಲ್ಲ. ಹಾಗೆಂದು ಆ ಉತ್ತರ ಕೊಟ್ಟವರು ತಪ್ಪು ಹೇಳಿದರು ಎಂದೂ ಅಲ್ಲ. ಅದಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ, ಬೈಬಲಿನ ಕೊನೆಯ ಪುಸ್ತಕದ ಆಧಾರವೂ ಇದೆ. ಅಧ್ಯಾಯದಲ್ಲಿ ಬರೆದಿರುವುದು ಯಾವುದು, ಆಮೇಲೆ ಯಾರು ಯಾವ ಕಾಲದಲ್ಲಿ ಅದನ್ನು ಹೇಗೆ ಅರ್ಥ ಮಾಡಿದರು ಎಂಬುದು ಯಾವುದು ಎಂದು ಬಿಡಿಸಿ ತೋರಿಸುವುದೇ ಕಲಿಸುವವರ ಕೆಲಸ. ದೊತೊರ್ನ್ (ಕಥೋಲಿಕ ಧರ್ಮಶಿಕ್ಷಣ) ಕಲಿಸುವವರು, ಸಂಡೇ ಸ್ಕೂಲ್ ಶಿಕ್ಷಕರು, ವಾಳೆಯ (ಚರ್ಚಿನ ವಾರ್ಡಿನ) ಸಭೆ ನಡೆಸುವವರು, ಯುವಜನ ಸಂಘದವರು ಈ ಕ್ರಮವನ್ನು ಹಾಗೆಯೇ ಬಳಸಬಹುದು.

ಮೂರು ಬೈಠಕ್ ಬೇಕು, ಒಂದೊಂದು 75 ನಿಮಿಷ. ಒಂದೇ ದಿನ ಮುಗಿಸಲು ಹೋದರೆ ಮೊದಲ ಬೈಠಕ್ ಕೊಡುವ ಲಾಭವೆಲ್ಲ ಹಾಳಾಗುತ್ತದೆ. ಜನ ಓದಿದ್ದು ಮನಸ್ಸಿನಲ್ಲಿ ಇಳಿಯುವ ಮೊದಲೇ ವ್ಯಾಖ್ಯಾನಗಳು ಮೇಲೆ ಬಂದು ಬೀಳುತ್ತವೆ. ಗುಂಪಿನಲ್ಲಿ 8ರಿಂದ 12 ಜನ ಇದ್ದರೆ ಸಾಕು. ಇಪ್ಪತ್ತು ದಾಟಿದರೆ ಎರಡು ಗುಂಪು ಮಾಡಿ.

ಮೊದಲು ಸಿದ್ಧ ಮಾಡಿಕೊಳ್ಳಬೇಕಾದದ್ದು

ಆದಿಕಾಂಡ 2:4ರಿಂದ 3:24ರವರೆಗಿನ ಭಾಗವನ್ನು ಒಂದೇ ಹಾಳೆಯ ಎರಡು ಬದಿಗೆ ಜೆರಾಕ್ಸ್ ಮಾಡಿಸಿ, ತಲೆಗೊಂದರಂತೆ. ಮಾಡಿಸುವ ಮೊದಲು ಉಪಶೀರ್ಷಿಕೆಗಳ ಮೇಲೆ ಬಿಳಿ ಕಾಗದ ಅಂಟಿಸಿ ಮುಚ್ಚಿ. ಇದು ಸಣ್ಣ ವಿಷಯವೆಂದು ಕಾಣಬಹುದು, ಆದರೆ ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿಂದಲೇ. ಮುದ್ರಿತ ಬೈಬಲುಗಳಲ್ಲಿ ಈ ಅಧ್ಯಾಯದ ಮೇಲೆ ಪಾಪ, ಪತನ ಎಂಬ ಅರ್ಥದ ಶೀರ್ಷಿಕೆ ಇರುತ್ತದೆ. ಅದು ಪ್ರಕಾಶಕರು ಸೇರಿಸಿದ್ದು, ಮೂಲದ್ದಲ್ಲ. ಮೂರನೇ ಅಧ್ಯಾಯದಲ್ಲಿ 'ಪಾಪ' ಎಂಬ ಪದವೇ ಇಲ್ಲ. ಅದು ಮೊದಲು ಬರುವುದು ಕಾಯಿನನ ಕಥೆಯಲ್ಲಿ, 4:7ರಲ್ಲಿ. ಶೀರ್ಷಿಕೆ ಕಣ್ಣಿಗೆ ಬಿದ್ದ ಮೇಲೆ ಓದುಗರು ಅಧ್ಯಾಯವನ್ನು ಓದುವುದಿಲ್ಲ, ಶೀರ್ಷಿಕೆಯನ್ನೇ ಓದುತ್ತಾರೆ.

ಮೇಜಿನ ಮೇಲೆ 66 ಪುಸ್ತಕಗಳ ಸತ್ಯವೇದ ಒಂದು, 73 ಪುಸ್ತಕಗಳ ಕಥೋಲಿಕ ಬೈಬಲ್ ಒಂದು ಇರಲಿ. ಎರಡನೇ ಬೈಠಕ್ಕಿಗೆ ಜ್ಞಾನಗ್ರಂಥದ ಒಂದು ವಚನ ಬೇಕಾಗುತ್ತದೆ, ಅದು ಪ್ರೊಟೆಸ್ಟಂಟ್ ಬೈಬಲಿನಲ್ಲಿ ಇಲ್ಲ. ಮೂರು ಬಣ್ಣದ ಪೆನ್ಸಿಲ್, ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಹಿಂಬದಿಗೆ ತಿರುಗಿಸಿ ಅಂಟಿಸಿದ ಆರು ಅಡಿ ಉದ್ದದ ಪಟ್ಟಿ, ಒಂದು ಬೋರ್ಡು, ಮಾರ್ಕರ್, ಸಣ್ಣ ಚೀಟಿಗಳು. ಇಷ್ಟೇ ಸಾಮಗ್ರಿ.

ಮಾತಿನಲ್ಲಿ ಒಂದು ಎಚ್ಚರಿಕೆ. ಹಳೆಯ ಕನ್ನಡ ಅನುವಾದದಲ್ಲಿ 'ಸರ್ಪ' ಎಂದಿದೆ. ತುಳುನಾಡಿನಲ್ಲಿ ಆ ಪದ ಕೇಳಿದೊಡನೆ ಜನರ ಮನಸ್ಸಿಗೆ ಬರುವುದು ನಾಗರಹಾವು, ಅದರ ಹಿಂದೆಯೇ ನಾಗಬನ. ಪಾಠ ಓದುವಾಗ ಇದ್ದಂತೆಯೇ ಓದಿ. ಚರ್ಚಿಸುವಾಗ 'ಹಾವು' ಎಂದೇ ಹೇಳಿ. ಯಾವ ಜಾತಿಯ ಹಾವು ಎಂದು ಅಧ್ಯಾಯ ಹೇಳುವುದಿಲ್ಲ.

ಮೊದಲ ಬೈಠಕ್: ಅಧ್ಯಾಯ ಮಾತ್ರ

ಐದು ದನಿಗಳಲ್ಲಿ ಗಟ್ಟಿಯಾಗಿ ಓದಿಸಿ: ನಿರೂಪಕ, ಹಾವು, ಸ್ತ್ರೀ, ಪುರುಷ, ದೇವರು. 'ಹವ್ವ' ಎಂದು ಪಾತ್ರ ಹಂಚಬೇಡಿ. ಅವಳಿಗೆ ಆ ಹೆಸರು ಬರುವುದು 3:20ರಲ್ಲಿ, ಎಲ್ಲ ಮುಗಿದ ಮೇಲೆ. ಹಾವಿನೊಡನೆ ಮಾತಾಡುವಾಗ ಅವಳು ಬರೀ 'ಸ್ತ್ರೀ'. ಓದಿ ಮುಗಿದ ಮೇಲೆ ಎಲ್ಲರೂ ಒಂದು ಬಣ್ಣದಲ್ಲಿ ಹಾವಿನ ಮಾತುಗಳಿಗೆ, ಇನ್ನೊಂದರಲ್ಲಿ ಹಾವಿನ ಬಗ್ಗೆ ಬೇರೆಯವರು ಹೇಳಿದ್ದಕ್ಕೆ, ಮೂರನೆಯದರಲ್ಲಿ ದೇವರ ಅಪ್ಪಣೆಗೆ (2:16-17) ಮತ್ತು ಸ್ತ್ರೀ ಅದನ್ನು ತಿರುಗಿ ಹೇಳುವಲ್ಲಿಗೆ (3:2-3) ಗೆರೆ ಎಳೆಯಲಿ. ಹದಿನೈದು ನಿಮಿಷ ಕೊಡಿ, ನಡುವೆ ಮಾತು ಬೇಡ.

ಈ ಗೆರೆಗಳಿಂದ ಹೊರಬರುವ ಸಂಗತಿಗಳು ಇವು. ಹಾವು ಬಾಯಿ ತೆರೆಯುವುದು ಎರಡೇ ಸಲ: 3:1ರಲ್ಲಿ ಒಂದು ಪ್ರಶ್ನೆ, 3:4-5ರಲ್ಲಿ ಒಂದು ಹೇಳಿಕೆ. ಹಣ್ಣು ತಿನ್ನು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ದೇವರು ಮಾಡಿದ ಭೂಜಂತುಗಳ ಸಾಲಿನಲ್ಲೇ ಅದನ್ನು ಇಟ್ಟು, ಅವುಗಳಲ್ಲೆಲ್ಲ ಹೆಚ್ಚು ಯುಕ್ತಿಯುಳ್ಳದ್ದು ಎಂದು ಮಾತ್ರ ಮೊದಲ ವಚನ ಹೇಳುತ್ತದೆ. ನಿರೂಪಕ ಉದ್ದಕ್ಕೂ 'ಯೆಹೋವದೇವರು' (ಕೆಲವು ಅನುವಾದಗಳಲ್ಲಿ 'ಸರ್ವೇಶ್ವರ ದೇವರು') ಎನ್ನುತ್ತಾನೆ. ಹಾವೂ ಸ್ತ್ರೀಯೂ ತಮ್ಮ ಸಂಭಾಷಣೆಯಲ್ಲಿ 'ದೇವರು' ಎಂದಷ್ಟೇ ಹೇಳುತ್ತಾರೆ. ಆ ಹೆಸರಿನ ಆಪ್ತತೆ ಸಂಭಾಷಣೆಯಲ್ಲಿ ಕಳಚಿಹೋಗಿದೆ ಎಂಬುದನ್ನು ಹಲವು ವ್ಯಾಖ್ಯಾನಕಾರರು ಗುರುತಿಸಿದ್ದಾರೆ. ಅಪ್ಪಣೆ ಕೊಟ್ಟದ್ದು ಪುರುಷನಿಗೆ, ಸ್ತ್ರೀಯನ್ನು ಉಂಟುಮಾಡುವ ಮೊದಲು. ಅವಳ ಬಾಯಲ್ಲಿ ಅದಕ್ಕೆ 'ಮುಟ್ಟಲೂ ಬಾರದು' ಎಂಬುದು ಸೇರಿಕೊಂಡಿದೆ. ವಿಚಾರಣೆಯಲ್ಲಿ ದೇವರು ಪುರುಷನನ್ನು ಕೇಳುತ್ತಾರೆ, ಸ್ತ್ರೀಯನ್ನು ಕೇಳುತ್ತಾರೆ. ಹಾವನ್ನು ಏನೂ ಕೇಳುವುದಿಲ್ಲ, ನೇರವಾಗಿ ಶಿಕ್ಷೆ. 3:6ರಲ್ಲಿ ಗಂಡ ಅವಳ ಸಂಗಡವೇ ಇದ್ದ ಎಂದು ಹೀಬ್ರೂ ಮೂಲ ಹೇಳುತ್ತದೆ. ನಾಲ್ಕನೇ ಶತಮಾನದ ಕೊನೆಗೆ ಜೆರೋಮ್ ಮಾಡಿದ ಲ್ಯಾಟಿನ್ ಅನುವಾದದಲ್ಲಿ ಆ ಮಾತು ಬಿಟ್ಟುಹೋಯಿತು, ಒಂಟಿ ಹೆಂಗಸನ್ನು ಹಾವು ಮರುಳುಮಾಡಿತು ಎಂಬ ಚಿತ್ರ ಪಶ್ಚಿಮದಲ್ಲಿ ಗಟ್ಟಿಯಾಗಲು ಅದೂ ಒಂದು ಕಾರಣ.

ಇದಾದ ಮೇಲೆ ಬೋರ್ಡಿನಲ್ಲಿ 'ಇದೆ', 'ಇಲ್ಲ' ಎಂದು ಎರಡು ಅಂಕಣ ಮಾಡಿ. ಸೈತಾನ, ಸೇಬು, ಪಾಪ ಎಂಬ ಪದ, ಬಿದ್ದ ದೇವದೂತ ಎಲ್ಲವೂ 'ಇಲ್ಲ' ಅಂಕಣಕ್ಕೆ ಹೋಗುತ್ತವೆ. ಇದನ್ನು ಬರೆಯುವಾಗ ಗುಂಪಿನಲ್ಲಿ ಯಾರಾದರೊಬ್ಬರು, ಸಾಮಾನ್ಯವಾಗಿ ಬೈಬಲ್ ಚೆನ್ನಾಗಿ ಓದಿದ ಹಿರಿಯರು, ಬೈಬಲಿನ ಕೊನೆಯ ಪುಸ್ತಕದಿಂದ ಹಾವನ್ನು ಸೈತಾನನೆಂದು ಕರೆಯುವ ಪ್ರಕಟಣೆ 12:9 ತೆಗೆಯುತ್ತಾರೆ. ಅವರ ಮಾತನ್ನು ಕಡಿಯಬೇಡಿ, ಅಲ್ಲಿಯೇ ಚರ್ಚೆಗೂ ಇಳಿಯಬೇಡಿ. ಬೋರ್ಡಿನ ಬಲ ಮೂಲೆಯಲ್ಲಿ 'ಮುಂದಿನ ವಾರ' ಎಂದು ಬರೆದು ಅದರ ಕೆಳಗೆ ಆ ವಚನದ ಸಂಖ್ಯೆ ಹಾಕಿ. ತಮ್ಮ ಮಾತು ದಾಖಲಾಯಿತು ಎಂದು ಗೊತ್ತಾದರೆ ಅವರೂ ಪಾಠದೊಳಗೆ ಉಳಿಯುತ್ತಾರೆ.

ಕೊನೆಯ ಅರ್ಧ ಗಂಟೆಯನ್ನು ಒಂದೇ ಪ್ರಶ್ನೆಗೆ ಇಡಿ: ಹಾವು ಹೇಳಿದ್ದು ಸುಳ್ಳೇ?

ಈ ಅಧ್ಯಾಯದ ನಿಜವಾದ ಗಂಟು ಇದೇ, ಇದರಿಂದ ತಪ್ಪಿಸಿಕೊಂಡು ಹೋಗುವ ಪಾಠ ಅರ್ಧ ಪಾಠ. ನಾಲ್ಕು ವಚನಗಳನ್ನು ಸಾಲಾಗಿ ಓದಿಸಿ. 2:17ರಲ್ಲಿ, ತಿಂದ ದಿನವೇ ಸಾಯುವಿ ಎಂದು ದೇವರು ಹೇಳುತ್ತಾರೆ. 3:4-5ರಲ್ಲಿ, ಸಾಯುವುದಿಲ್ಲ, ಕಣ್ಣು ತೆರೆಯುತ್ತದೆ, ದೇವರಂತಾಗುವಿರಿ ಎಂದು ಹಾವು ಹೇಳುತ್ತದೆ. 3:7ರಲ್ಲಿ ಇಬ್ಬರ ಕಣ್ಣುಗಳೂ ತೆರೆದವು. 3:22ರಲ್ಲಿ ಮನುಷ್ಯನು ಒಳಿತು ಕೆಡುಕು ಅರಿತು ನಮ್ಮಲ್ಲೊಬ್ಬನಂತಾದ ಎಂದು ದೇವರೇ ಒಪ್ಪುತ್ತಾರೆ. ಇದರ ಮೇಲೆ 5:5 ಓದಿ: ಆದಾಮ ಬದುಕಿದ್ದು 930 ವರ್ಷ. ಕಾಲೇಜು ಓದುವ ಮಕ್ಕಳಿದ್ದರೆ ಇಲ್ಲಿ ಕೋಣೆ ಗದ್ದಲವಾಗುತ್ತದೆ, ಆಗಬೇಕು.

ಉತ್ತರಗಳು ಹಲವು, ಎಲ್ಲವೂ ಹಳೆಯವು. ಕ್ರಿ.ಪೂ. ಎರಡನೇ ಶತಮಾನದ ಯೆಹೂದ್ಯ ಗ್ರಂಥ 'ಯೂಬಿಲಿಗಳ ಪುಸ್ತಕ'ದ ಲೆಕ್ಕ ಸರಳ: ದೇವರ ಬಳಿ ಸಾವಿರ ವರ್ಷ ಒಂದು ದಿನ, ಆದಾಮ ಸಾವಿರಕ್ಕೆ 70 ವರ್ಷ ಕಡಿಮೆ ಬದುಕಿದ, ಆದ್ದರಿಂದ ಆ 'ದಿನ'ದೊಳಗೇ ಸತ್ತ. ಕ್ರಿಸ್ತನ ಕಾಲದಲ್ಲೇ ಇದ್ದ ಅಲೆಕ್ಸಾಂಡ್ರಿಯದ ಯೆಹೂದ್ಯ ಚಿಂತಕ ಫಿಲೋ, ಇದು ದೇಹದ ಸಾವಲ್ಲ, ಆತ್ಮದ ಸಾವು ಎಂದ. ಕ್ರೈಸ್ತ ಪರಂಪರೆಯಲ್ಲಿ ಈ ದಾರಿ ಹೆಚ್ಚು ಬಳಕೆಗೆ ಬಂತು. ಮೂರನೆಯ ಉತ್ತರ, ಆ ದಿನ ಮನುಷ್ಯ ಸಾಯಲಿಲ್ಲ, ಜೀವವೃಕ್ಷದಿಂದ ದೂರವಾಗಿ ಸಾವಿಗೆ ಒಳಪಟ್ಟವನಾದ. ನಾಲ್ಕನೆಯದು, ಹಾವು ಹೇಳಿದ್ದು ಅರ್ಧ ಸತ್ಯ: ಕಣ್ಣು ತೆರೆಯಿತು ನಿಜ, ಆದರೆ ಮೊದಲು ಕಂಡದ್ದು ತಮ್ಮದೇ ಬೆತ್ತಲೆತನ. ಇತ್ತೀಚಿನ ವಿದ್ವಾಂಸರಲ್ಲಿ ಜೇಮ್ಸ್ ಬಾರ್ 1990ರ ದಶಕದಲ್ಲಿ ಬೇರೆಯೇ ಮಾತು ಹೇಳಿದರು: ಈ ಕಥೆಯ ಕೇಂದ್ರದಲ್ಲಿರುವುದು ಪಾಪದ ಹುಟ್ಟಲ್ಲ, ಮನುಷ್ಯನ ಕೈಗೆ ಬರಬಹುದಾಗಿದ್ದ ಅಮರತ್ವ ತಪ್ಪಿಹೋದದ್ದು. ನಮಗೆ ಮೂರನೆಯ ಉತ್ತರ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಅದಕ್ಕೆ ಹೊರಗಿನ ಆಧಾರ ಬೇಡ, 3:22-24 ಸಾಕು. ಆದರೆ ಗುಂಪಿನ ಮುಂದೆ ನಿಮ್ಮ ಆಯ್ಕೆಯನ್ನು ಕೊನೆಗೇ ಹೇಳಿ. ಮೊದಲೇ ಹೇಳಿದರೆ ಉಳಿದವರು ಯೋಚಿಸುವುದನ್ನು ನಿಲ್ಲಿಸುತ್ತಾರೆ.

ಎರಡನೇ ಬೈಠಕ್: ಪದರ ಬಿಡಿಸುವುದು

ಉದ್ದದ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಎಡದಿಂದ ಬಲಕ್ಕೆ ಶತಮಾನಗಳನ್ನು ಗುರುತಿಸಿ. ಒಂದೊಂದು ವ್ಯಾಖ್ಯಾನವನ್ನು ಚೀಟಿಯಲ್ಲಿ ಬರೆದು ಅದರ ಕಾಲಕ್ಕೆ ಅಂಟಿಸಬೇಕು. ಪ್ರತಿ ಚೀಟಿಯಲ್ಲಿ ಮೂರೇ ಸಾಲು: ಯಾರು, ಯಾವಾಗ, ಅವರಿಗೆ ಯಾವ ಪ್ರಶ್ನೆ ಕಾಡುತ್ತಿತ್ತು. ಮೂರನೇ ಸಾಲು ಬರೆಯದಿದ್ದರೆ ಇದು ಹೆಸರುಗಳ ಪಟ್ಟಿಯಾಗಿಬಿಡುತ್ತದೆ, ಮರುದಿನಕ್ಕೆ ಯಾರಿಗೂ ನೆನಪಿರುವುದಿಲ್ಲ.

ಎಡತುದಿಗೆ ಮೆಸೊಪೊಟೇಮಿಯದ ಗಿಲ್ಗಮೆಶ್ ಕಾವ್ಯ. ಅದರ 11ನೇ ಫಲಕದಲ್ಲಿ, ಮುದುಕರನ್ನು ಮತ್ತೆ ಹರೆಯಕ್ಕೆ ತರುವ ಗಿಡವನ್ನು ಗಿಲ್ಗಮೆಶ್ ಸಮುದ್ರದಾಳದಿಂದ ತರುತ್ತಾನೆ. ಅವನು ಸ್ನಾನಕ್ಕೆ ಇಳಿದಾಗ ಹಾವು ಅದನ್ನು ಕದ್ದು, ಪೊರೆ ಕಳಚಿ ಹೋಗುತ್ತದೆ. ಹಾವು, ಗಿಡ, ಕೈತಪ್ಪಿದ ಅಮರತ್ವ ಮೂರೂ ಇಲ್ಲಿವೆ. ಆದಿಕಾಂಡದವರು ಇದನ್ನು ನಕಲು ಮಾಡಿದರು ಎಂದು ಹೇಳಿಬಿಡಬೇಡಿ. ಆ ಸೀಮೆಯಲ್ಲಿ ಹಾವೆಂದರೆ ಜನರಿಗೆ ಏನು ನೆನಪಾಗುತ್ತಿತ್ತು ಎಂಬುದಕ್ಕೆ ಇದು ಸಾಕ್ಷಿ, ಅಷ್ಟೇ.

ಮುಂದೆ ಹೀಬ್ರೂ ಬೈಬಲ್, ಅಂದರೆ ಯೆಹೂದ್ಯರ ಪವಿತ್ರಗ್ರಂಥ. ಯೋಬ 1-2ನ್ನೂ ಜೆಕರ್ಯ 3ನ್ನೂ ತೆರೆದು ನೋಡಿ. ಸೈತಾನನು ದೇವರ ಸಭೆಯಲ್ಲಿ ದೂರು ಹೇಳುವವನಾಗಿ ನಿಂತಿದ್ದಾನೆ, ಹಾವಿನ ಸುಳಿವೇ ಇಲ್ಲ. ಹೀಬ್ರೂ ಬೈಬಲಿನಲ್ಲಿ ಎಲ್ಲಿಯೂ ಇವೆರಡನ್ನು ಜೋಡಿಸಿಲ್ಲ. ಜೋಡಣೆಯ ಮೊದಲ ಹೆಜ್ಜೆ ಜ್ಞಾನಗ್ರಂಥ 2:24ರಲ್ಲಿ ಕಾಣುತ್ತದೆ: ಪಿಶಾಚಿಯ ಅಸೂಯೆಯಿಂದ ಮರಣ ಲೋಕಕ್ಕೆ ಬಂತು. ಅಲ್ಲಿ ಹಾವಿನ ಹೆಸರಿಲ್ಲ, ಆದರೆ ಸಂದರ್ಭ ಏದೆನ್ ತೋಟದ್ದೇ ಎಂದು ಹೆಚ್ಚಿನವರು ಓದುತ್ತಾರೆ. ಕ್ರಿಸ್ತಶಕದ ಆರಂಭದ ಶತಮಾನಗಳ 'ಆದಾಮ ಹವ್ವರ ಜೀವನ' ಎಂಬ ಕೃತಿಯಲ್ಲಿ ಪಿಶಾಚಿ ಹಾವನ್ನು ತನ್ನ ಪಾತ್ರೆಯಾಗು ಎಂದು ಕೇಳಿ ಅದರ ಬಾಯಿಂದ ಮಾತಾಡುತ್ತಾನೆ. ಇನ್ನು ಒಂದನೇ ಶತಮಾನದ ಕೊನೆಯ ಪ್ರಕಟಣೆ 12:9 ಮತ್ತು 20:2: ಪಿಶಾಚನೆಂದೂ ಸೈತಾನನೆಂದೂ ಹೆಸರುಳ್ಳ ಆ ಪುರಾತನ ಸರ್ಪ. ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟ ವಚನವನ್ನು ಈಗ ಅದನ್ನು ಎತ್ತಿದವರ ಕೈಯಿಂದಲೇ ಪಟ್ಟಿಗೆ ಅಂಟಿಸಿ. ಹೊಸ ಒಡಂಬಡಿಕೆಯನ್ನು ದೇವರ ವಾಕ್ಯವಾಗಿ ನಂಬುವವರಿಗೆ ಇದು ಕೇವಲ ಒಂದು ಅಭಿಪ್ರಾಯವಲ್ಲ, ಹಳೆಯ ಕಥೆಯ ಒಳಗುಟ್ಟು ತೆರೆದದ್ದು. ಆ ನಂಬಿಕೆಯನ್ನು ಗೌರವಿಸಿಯೇ, ಅದು ಯಾವ ಪುಸ್ತಕದಿಂದ ಬಂತು ಎಂದು ಹೇಳಲು ಸಾಧ್ಯ. ಪೌಲನ ಪತ್ರವನ್ನೂ ನೋಡಿ: 2 ಕೊರಿಂಥ 11:3ರಲ್ಲಿ ಹವ್ವಳನ್ನು ಮೋಸಗೊಳಿಸಿದ್ದು ಹಾವು ಎಂದಷ್ಟೇ ಇದೆ.

ಯೆಹೂದ್ಯ ವ್ಯಾಖ್ಯಾನಗಳಿಗೆ ಹೆಚ್ಚು ಜಾಗ ಬಿಡಿ. ನಮ್ಮ ಕಡೆ ಇವು ಕೇಳಿಬರುವುದೇ ಅಪರೂಪ, ಕೇಳಿದವರು ಮರೆಯುವುದಿಲ್ಲ. ಒಂದನೇ ಶತಮಾನದ ಇತಿಹಾಸಕಾರ ಜೋಸಿಫಸ್ ಪ್ರಕಾರ ಆಗ ಎಲ್ಲ ಪ್ರಾಣಿಗಳಿಗೂ ಮಾತು ಬರುತ್ತಿತ್ತು, ಹಾವು ಮನುಷ್ಯರ ಸುಖ ಕಂಡು ಹೊಟ್ಟೆಕಿಚ್ಚುಪಟ್ಟಿತು. ಶಿಕ್ಷೆಯಾಗಿ ಮಾತೂ ಕಾಲೂ ಹೋದವು. ಆದಿಕಾಂಡದ ಮಿದ್ರಾಷ್ (ಯೆಹೂದ್ಯ ಗುರುಗಳ ಹಳೆಯ ವ್ಯಾಖ್ಯಾನ ಸಂಗ್ರಹ) ಪ್ರಕಾರ ಹಾವು ಬೆತ್ತದಂತೆ ನೆಟ್ಟಗೆ ನಿಂತಿರುತ್ತಿತ್ತು. 11ನೇ ಶತಮಾನದ ಫ್ರಾನ್ಸಿನ 'ರಾಶಿ' ಎಂಬ ವ್ಯಾಖ್ಯಾನಕಾರ ಹಳೆಯ ರಬ್ಬಿಗಳ (ಯೆಹೂದ್ಯ ಗುರುಗಳ) ಮಾತನ್ನು ಉಳಿಸಿ ಹೇಳುತ್ತಾನೆ: ಮುಟ್ಟಲೂ ಬಾರದು ಎಂದು ಸ್ತ್ರೀ ಇಲ್ಲದ್ದನ್ನು ಸೇರಿಸಿದಳು, ಹಾವು ಅವಳನ್ನು ಮರಕ್ಕೆ ತಳ್ಳಿ, ಮುಟ್ಟಿದರೆ ಸಾಯಲಿಲ್ಲ ನೋಡು, ತಿಂದರೂ ಸಾಯುವುದಿಲ್ಲ ಎಂದಿತು. ಅಪ್ಪಣೆಗೆ ಬೇಲಿ ಹೆಚ್ಚಿಸಿದರೆ ಏನಾಗುತ್ತದೆ ಎಂಬ ಪಾಠ ಅದು, ಮಕ್ಕಳಿಗೆ ನಿಯಮ ಹೇಳುವ ಎಲ್ಲರಿಗೂ ತಟ್ಟುವಂಥದ್ದು. 15ನೇ ಶತಮಾನದ ಪೋರ್ಚುಗಲ್ಲಿನ ಅಬ್ರಬನೆಲ್ ಇನ್ನೂ ಮುಂದೆ ಹೋದ: ಹಾವು ಮಾತಾಡಲೇ ಇಲ್ಲ, ಅದು ಹಣ್ಣು ತಿಂದೂ ಸಾಯದೆ ಇದ್ದುದನ್ನು ಸ್ತ್ರೀ ನೋಡಿದಳು, ಸಂಭಾಷಣೆ ಅವಳ ಮನಸ್ಸಿನೊಳಗೆ ನಡೆಯಿತು. ಅವನ ನಂತರದ ಇಟಲಿಯ ಸ್ಫೊರ್ನೊಗೆ ಹಾವೆಂದರೆ ಮನುಷ್ಯನೊಳಗಿನ ಕೆಟ್ಟ ಪ್ರವೃತ್ತಿ. ಫಿಲೋ ಇದಕ್ಕಿಂತ ಸಾವಿರದ ಐನೂರು ವರ್ಷ ಮೊದಲೇ ಹಾವನ್ನು ಸುಖಲಾಲಸೆ ಎಂದೂ, ಸ್ತ್ರೀಯನ್ನು ಇಂದ್ರಿಯಗಳೆಂದೂ, ಪುರುಷನನ್ನು ಬುದ್ಧಿಯೆಂದೂ ಓದಿದ್ದ.

ಕ್ರೈಸ್ತ ಗುರುಗಳಲ್ಲಿ ಅಗಸ್ಟೀನನ (354-430) ಮಾತು ಮುಖ್ಯ: ಹಾವು ಪಿಶಾಚಿಯ ಉಪಕರಣ ಮಾತ್ರ, ತಾನು ಆಡಿದ ಮಾತು ಅದಕ್ಕೇ ಅರ್ಥವಾಗಲಿಲ್ಲ. ಹಾಗಾದರೆ ತಿಳಿಯದ ಪ್ರಾಣಿಗೆ ಶಾಪವೇಕೆ ಎಂದು ಗುಂಪಿನವರು ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಶಾಪ ನಿಜಕ್ಕೂ ಪಿಶಾಚಿಗೆ ಸೇರಿದ್ದು ಎಂಬುದು ಆ ಪರಂಪರೆಯ ಉತ್ತರ. ಸಿರಿಯದ ಎಫ್ರೇಮನು (ನಾಲ್ಕನೇ ಶತಮಾನ) ಹಾವಿನ ಜಾಣತನ ಪ್ರಾಣಿಗಳ ನಡುವಿನ ಜಾಣತನವಷ್ಟೇ, ಮನುಷ್ಯನಿಗಿಂತ ಅದು ದೊಡ್ಡದಲ್ಲ ಎನ್ನುತ್ತಾನೆ. ಬ್ರಹ್ಮಾವರದ ಆರ್ಥೊಡಾಕ್ಸ್ ಸಭೆಯವರಿಗೂ ಬೆಳ್ತಂಗಡಿ ಕಡೆಯ ಸಿರೋ ಮಲಬಾರ್ ಸಭೆಯವರಿಗೂ ಎಫ್ರೇಮ ತಮ್ಮದೇ ಪರಂಪರೆಯ ಗುರು, ಗುಂಪಿನಲ್ಲಿ ಅವರಿದ್ದರೆ ಈ ಚೀಟಿ ಅವರ ಕೈಗೆ ಕೊಡಿ.

ಇದಕ್ಕೆ ತೀರ ಎದುರಿನ ಓದು ನಾಸ್ಟಿಕ್ (Gnostic) ಪಂಥಗಳದ್ದು, ಅಂದರೆ ಗುಪ್ತಜ್ಞಾನದಿಂದಲೇ ಮುಕ್ತಿ ಎಂದ ಪ್ರಾಚೀನ ಪಂಥಗಳದ್ದು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ಹಸ್ತಪ್ರತಿಗಳಲ್ಲಿ ಹಾವು ಜ್ಞಾನ ಕೊಡುವ ಗುರು, ಹಣ್ಣನ್ನು ತಡೆದ ದೇವನೇ ಅಸೂಯೆಯುಳ್ಳವನು. ಸಭೆ ಇದನ್ನು ತಿರಸ್ಕರಿಸಿತು. ಯುವಜನರು ಮೊಬೈಲಿನಲ್ಲಿ ಇಂಥದ್ದನ್ನು ಈಗಾಗಲೇ ನೋಡಿರುತ್ತಾರೆ, ಆದ್ದರಿಂದ ಮುಚ್ಚಿಡುವುದರಿಂದ ಲಾಭವಿಲ್ಲ. ಈ ಓದು ಯಾಕೆ ಹುಟ್ಟಿತು ಎಂದರೆ ಹಾವು ಹೇಳಿದ್ದು ಸುಳ್ಳೇ ಎಂಬ ಮೊದಲ ಬೈಠಕ್ಕಿನ ಪ್ರಶ್ನೆಯೇ ಕಾರಣ ಎಂದು ತೋರಿಸಿ.

ಇಲ್ಲಿ ಆಗುವ ಸಾಮಾನ್ಯ ತಪ್ಪು ಎಲ್ಲ ಚೀಟಿಗಳನ್ನೂ ಒಂದೇ ದಿನ ಅಂಟಿಸುವುದು. ಐದರಿಂದ ಏಳು ಸಾಕು. ಹೈಸ್ಕೂಲ್ ಮಕ್ಕಳಿಗೆ ಯೋಬ, ಜೋಸಿಫಸ್, ರಾಶಿ, ಪ್ರಕಟಣೆ, ಅಗಸ್ಟೀನ್. ದೊಡ್ಡವರಿಗೆ ಇದರ ಜೊತೆ ಅಬ್ರಬನೆಲ್, ಫಿಲೋ. ಹೆಚ್ಚು ಓದಬೇಕೆನ್ನುವವರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಗ್ರಂಥಾಲಯದಲ್ಲಿ ಮೊದಲೇ ಅನುಮತಿ ಕೇಳಿ ಹೋಗಬಹುದು. ಕಥೋಲಿಕರಿಗೆ ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಯ ಗುರುಗಳಲ್ಲಿ ವಿಚಾರಿಸುವ ದಾರಿಯೂ ಇದೆ.

ಮೂರನೇ ಬೈಠಕ್: 3:15, ಮತ್ತು ನಮ್ಮ ಊರು

3:15ರಲ್ಲಿ ದೇವರು ಹಾವಿಗೂ ಸ್ತ್ರೀಗೂ, ಅವರ ಸಂತಾನಗಳಿಗೂ ನಡುವೆ ಹಗೆತನವಿಡುತ್ತಾರೆ; ಹಾವಿನ ತಲೆಗೆ ಪೆಟ್ಟು, ಮನುಷ್ಯನ ಹಿಮ್ಮಡಿಗೆ ಕಚ್ಚು. ಆ ಹಾವಿನ ತಲೆ ಜಜ್ಜುವವರು ಯಾರು? ಕಥೋಲಿಕರೂ ಪ್ರೊಟೆಸ್ಟಂಟರೂ ಒಟ್ಟಿಗೆ ಕೂತ ಗುಂಪಿನಲ್ಲಿ ಇದೇ ಸೂಕ್ಷ್ಮ ಜಾಗ. ಹಿಂದಿನ ವಾರವೇ ಒಂದು ಮನೆಕೆಲಸ ಕೊಟ್ಟಿರಿ: ಮನೆಯ ಆಲ್ತಾರಿನಲ್ಲಿ (ಪ್ರಾರ್ಥನೆಯ ಪೀಠದಲ್ಲಿ) ಅಥವಾ ಚರ್ಚಿನಲ್ಲಿ ಇರುವ ಮಾತೆ ಮರಿಯಮ್ಮನವರ ಪ್ರತಿಮೆಯ ಪಾದದ ಬಳಿ ಏನಿದೆ ಎಂದು ನೋಡಿ ಬನ್ನಿ. ಲೂರ್ದ್ ಮಾತೆಯ ಗ್ರೊಟ್ಟೊದಲ್ಲಿ (ಗುಹೆಯಾಕಾರದ ಗುಡಿಯಲ್ಲಿ) ಹಾವು ಇರುವುದಿಲ್ಲ, ಪಾದದ ಮೇಲೆ ಗುಲಾಬಿ ಇರುತ್ತದೆ. 1858ರ ದರ್ಶನದ ವಿವರ ಅದು. ಗೋಳದ ಮೇಲೆ ನಿಂತು ಹಾವನ್ನು ಮೆಟ್ಟಿದ ಪ್ರತಿಮೆ 1830ರ ಪ್ಯಾರಿಸ್ ದರ್ಶನದಿಂದ, ಅದರಿಂದ ಹೊರಟ ಪದಕದಿಂದ ಹರಡಿದ್ದು. ಈ ವ್ಯತ್ಯಾಸವನ್ನು ತಾವೇ ನೋಡಿ ಬಂದವರು ಚರ್ಚೆಗೆ ತಯಾರಾಗಿರುತ್ತಾರೆ.

ಹೀಬ್ರೂ ಮೂಲದಲ್ಲಿ ತಲೆ ಜಜ್ಜುವುದು ಸ್ತ್ರೀಯ 'ಸಂತಾನ'. ಕ್ರಿಸ್ತಪೂರ್ವದ ಗ್ರೀಕ್ ಅನುವಾದ ಅಲ್ಲಿ 'ಅವನು' ಎಂದಿತು. ವುಲ್ಗಾತ ಎಂಬ ಲ್ಯಾಟಿನ್ ಬೈಬಲಿನಲ್ಲಿ 'ಅವಳು' ಎಂದು ಬಂತು, ಮಧ್ಯಯುಗದ ಯುರೋಪ್ ಓದಿದ್ದು ಅದನ್ನೇ, ಮರಿಯಮ್ಮ ಹಾವನ್ನು ಮೆಟ್ಟುವ ಚಿತ್ರಗಳಿಗೆ ಅದು ಬಲ ಕೊಟ್ಟಿತು. 1979ರಲ್ಲಿ ವ್ಯಾಟಿಕನ್ ಹೊರತಂದ ಪರಿಷ್ಕೃತ ಲ್ಯಾಟಿನ್ ಬೈಬಲ್ ಆ ಸರ್ವನಾಮವನ್ನು ಮತ್ತೆ ಸಂತಾನಕ್ಕೆ ಹೊಂದಿಸಿತು. ಎರಡನೇ ಶತಮಾನದ ಕ್ರೈಸ್ತ ಗುರು ಇರೆನೇಯಸ್ ಈ ವಚನವನ್ನು ಕ್ರಿಸ್ತನ ಗೆಲುವಿನ ಮೊದಲ ವಾಗ್ದಾನವೆಂದು ಓದಿದ. 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಸಂತಾನವೆಂದರೆ ಇಡೀ ಮನುಷ್ಯಕುಲ, ಕ್ರಿಸ್ತನು ಅದರ ಶಿರಸ್ಸು ಎಂದು ಹಿಡಿದ. ಯೆಹೂದ್ಯ ಓದುಗರಲ್ಲಿ ಅನೇಕರು ಇದನ್ನು ಮನುಷ್ಯರಿಗೂ ಹಾವುಗಳಿಗೂ ನಡುವಿನ ಹಗೆತನದ ಕಾರಣಕಥೆಯಾಗಿಯೇ ಓದಿದರು: ಮನುಷ್ಯ ಕಂಡಲ್ಲಿ ತಲೆಗೆ ಹೊಡೆಯುತ್ತಾನೆ, ಹಾವು ಹಿಮ್ಮಡಿ ಕಚ್ಚುತ್ತದೆ.

ಇಲ್ಲಿ ಸಂಭವಿಸುವ ಅನಾಹುತ ಗೊತ್ತಿರುವಂಥದ್ದೇ. ಪ್ರೊಟೆಸ್ಟಂಟರಲ್ಲಿ ಒಬ್ಬರು, ಹಾಗಾದರೆ ನಿಮ್ಮ ಪ್ರತಿಮೆ ತಪ್ಪು ಅನುವಾದದ್ದು ಎನ್ನುತ್ತಾರೆ, ಮಾತು ಬೆಳೆಯುತ್ತದೆ. ಮೊದಲೇ ಹೀಗೆ ಹೇಳಿ: ಮರಿಯಮ್ಮನ ಕುರಿತ ಬೋಧನೆ ಆ ಒಂದು ಸರ್ವನಾಮದ ಮೇಲೆ ನಿಂತಿಲ್ಲ, ಕಥೋಲಿಕ ಸಭೆಯೂ ಹಾಗೆ ವಾದಿಸುವುದಿಲ್ಲ; ಮಗನ ಗೆಲುವಿನಲ್ಲಿ ತಾಯಿಗೂ ಪಾಲಿದೆ ಎಂಬ ನಂಬಿಕೆಯ ಚಿತ್ರ ಅದು. ಹಾಗೆಯೇ ರೋಮ 16:20 ಓದಿಸಿ. ಅಲ್ಲಿ ಸೈತಾನನನ್ನು ಜಜ್ಜುವುದು ವಿಶ್ವಾಸಿಗಳ ಪಾದದಡಿ.

ಬೈಬಲಿನ ಉಳಿದ ಹಾವುಗಳಿಗೆ ಹತ್ತು ನಿಮಿಷ ಸಾಕು, ಆದರೆ ಬಿಡಬೇಡಿ. ಮೋಶೆ ಕಂಬಕ್ಕೆ ಏರಿಸಿದ ತಾಮ್ರದ ಹಾವು ಜನರನ್ನು ಬದುಕಿಸಿತು (ಅರಣ್ಯಕಾಂಡ 21:4-9, ಕೆಲವು ಆವೃತ್ತಿಗಳಲ್ಲಿ ಈ ಪುಸ್ತಕದ ಹೆಸರು ಸಂಖ್ಯಾಕಾಂಡ). ಯೇಸು ತನ್ನನ್ನೇ ಅದಕ್ಕೆ ಹೋಲಿಸಿಕೊಂಡದ್ದು ಯೋಹಾನ 3:14ರಲ್ಲಿ. ಶಿಷ್ಯರು ಹಾವುಗಳಂತೆ ಜಾಣರಾಗಿರಲಿ ಎಂದದ್ದು ಮತ್ತಾಯ 10:16ರಲ್ಲಿ. ಹಾವು ಎಂದರೆ ಬೈಬಲಿನಲ್ಲಿ ಎಲ್ಲ ಕಡೆಯೂ ಕೆಡುಕು ಎಂಬ ಕಲ್ಪನೆ ಇಷ್ಟಕ್ಕೇ ಸಡಿಲವಾಗುತ್ತದೆ.

ನಾಗಬನದ ಪ್ರಶ್ನೆ ಬಂದಾಗ

ಬಂದೇ ಬರುತ್ತದೆ. ಶ್ರಾವಣ ಶುದ್ಧ ಪಂಚಮಿಯಂದು ನೆರೆಮನೆಯವರು ತಮ್ಮ ಮೂಲ ನಾಗಬನಕ್ಕೆ ಹೋಗಿ ಹಾಲು, ಎಳನೀರಿನ ತನು ಎರೆದು, ಅರಿಶಿನ, ಹಿಂಗಾರ, ಕೇದಗೆ ಅರ್ಪಿಸುವುದನ್ನು ನೋಡಿಯೇ ಇಲ್ಲಿನ ಮಕ್ಕಳು ಬೆಳೆಯುತ್ತಾರೆ. ಕುಡುಪು, ಕುಕ್ಕೆ, ನಾಗಮಂಡಲ, ಆಶ್ಲೇಷಾ ಬಲಿ ಇವೆಲ್ಲ ಕೇಳಿದ ಹೆಸರುಗಳು. ಹಾಗಾಗಿ ಏದೆನ್ ಪಾಠ ಕೇಳಿದ ಹತ್ತು ವರ್ಷದ ಮಗು, "ಹಾಗಾದರೆ ಅವರು ಪೂಜೆ ಮಾಡುವುದು ಸೈತಾನನಿಗಾ ಟೀಚರ್?" ಎಂದು ಕೇಳುವುದು ಸಹಜ. ಮುಜುಗರದಿಂದ ಮಾತು ತಿರುಗಿಸಿದರೆ ಮಗು ಮೌನವನ್ನು ಒಪ್ಪಿಗೆ ಎಂದುಕೊಳ್ಳುತ್ತದೆ, ಮರುದಿನ ಶಾಲೆಯ ಬಸ್ಸಿನಲ್ಲಿ ಪಕ್ಕ ಕೂತ ಗೆಳೆಯನಿಗೆ ಅದನ್ನೇ ಹೇಳುತ್ತದೆ.

ಉತ್ತರ ನೇರವಾಗಿರಲಿ: "ಇಲ್ಲ. ಈ ಅಧ್ಯಾಯದಲ್ಲಿ ಯಾರೂ ಹಾವನ್ನು ಪೂಜಿಸುವುದಿಲ್ಲ, ಹಾವೂ ಪೂಜೆ ಕೇಳುವುದಿಲ್ಲ. ಇದು ದೇವರ ಅಪ್ಪಣೆಯ ಕಥೆ. ನೆರೆಯವರ ನಾಗನ ಕಥೆ ಬೇರೆ, ಅದು ಏನೆಂದು ಅವರಿಂದಲೇ ಕೇಳಿ ತಿಳಿಯಬೇಕು." ದೊಡ್ಡವರಿಗಾದರೆ ಇನ್ನಷ್ಟು ಹೇಳಬಹುದು. ತುಳುನಾಡಿನ ನಾಗ ಭೂಮಿ, ಕುಟುಂಬದ ಮೂಲ, ಸಂತಾನ, ಆರೋಗ್ಯ ಇವುಗಳೊಡನೆ ಹೆಣೆದುಕೊಂಡ ಆರಾಧನೆ. ಪಶ್ಚಿಮ ಏಷ್ಯಾದ ಒಂದು ತೋಟದ ಕಥೆಗೂ ಅದಕ್ಕೂ ಹುಟ್ಟಿನ ಸಂಬಂಧವಿಲ್ಲ. 19ನೇ ಶತಮಾನದ ಯುರೋಪಿನಲ್ಲಿ ಲೋಕದ ಹಾವಿನ ಪೂಜೆಯೆಲ್ಲ ಏದೆನ್ ಹಾವಿನಿಂದಲೇ ಹೊರಟಿತು ಎಂಬ ವಾದ ಹುಟ್ಟಿತ್ತು. ಇಂಗ್ಲೆಂಡಿನ ಪಾದ್ರಿ ಜಾನ್ ಬ್ಯಾಥರ್ಸ್ಟ್ ಡೀನ್ 1830ರಲ್ಲಿ ಇದನ್ನು ಒಂದು ಪುಸ್ತಕವಾಗಿ ಬರೆದ. ಇಂದಿನ ಧರ್ಮಾಧ್ಯಯನ ಅದನ್ನು ಒಪ್ಪುವುದಿಲ್ಲ, ಆದರೂ ಅದರ ನೆರಳು ಕೆಲವು ಉಪದೇಶಗಳಲ್ಲಿ ಇನ್ನೂ ಇದೆ. ಅಂಥ ಮಾತು ಕೇಳಿಬಂದರೆ ಅದಕ್ಕೂ ಪಟ್ಟಿಯ ಮೇಲೆ ಚೀಟಿ ಅಂಟಿಸಿ: ಯಾರು, ಯಾವಾಗ, ಯಾಕೆ.

ಯಾರಾದರೂ 2 ಅರಸುಗಳು 18:4 ತೆಗೆದು, ಹಿಜ್ಕೀಯ ಅರಸ ತಾಮ್ರದ ಹಾವನ್ನು ಒಡೆದುಹಾಕಲಿಲ್ಲವೇ ಎನ್ನಬಹುದು. ಹೌದು, ಒಡೆದ. ಒಡೆದದ್ದು ತನ್ನ ಜನರೇ ಧೂಪ ಹಾಕುತ್ತಿದ್ದ, ಮೋಶೆಯೇ ಮಾಡಿಸಿದ್ದ, ನೆಹುಷ್ಟಾನ್ ಎಂದು ಕರೆಯುತ್ತಿದ್ದ ಆ ತಾಮ್ರದ ಹಾವನ್ನು. ಅದು ಮನೆಯೊಳಗಿನ ತಿದ್ದುಪಡಿ. ನೆರೆಯವರ ಬನದ ಬಗ್ಗೆ ಆ ವಚನ ಏನೂ ಹೇಳುವುದಿಲ್ಲ. ಹಾವು ಕಂಡರೆ ಕೊಲ್ಲಬೇಕೆಂದು 3:15ರಿಂದ ಅರ್ಥ ಎಳೆಯುವವರಿಗೂ ಸ್ಪಷ್ಟವಾಗಿ ಹೇಳಿ: ವಚನ ಹಗೆತನವನ್ನು ಶಾಪವಾಗಿ ಹೇಳುತ್ತದೆ, ಅಪ್ಪಣೆಯಾಗಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಾಗರಹಾವನ್ನು ಕೊಲ್ಲುವುದು ಅಪರಾಧವೂ ಹೌದು. ಅಂಗಳಕ್ಕೆ ಬಂದರೆ ಅರಣ್ಯ ಇಲಾಖೆಗೋ ಹಾವು ಹಿಡಿಯುವವರಿಗೋ ತಿಳಿಸಬೇಕು.

ಮುಸ್ಲಿಂ ಸ್ನೇಹಿತರ ಕುರಿತು ಕೇಳಿದರೆ: ಕುರ್‌ಆನಿನ 7ನೇ ಮತ್ತು 20ನೇ ಅಧ್ಯಾಯಗಳಲ್ಲಿ ಆದಮರ ಕಥೆ ಇದೆ, ಅಲ್ಲಿ ಪಿಸುಗುಟ್ಟುವವನು ಶೈತಾನ್, ಹಾವು ಇಲ್ಲ. ಹಾವಿನ ಬಾಯೊಳಗೆ ಇಬ್ಲೀಸ್ (ಶೈತಾನನ ಹೆಸರು) ಹೊಕ್ಕು ತೋಟ ಸೇರಿದ ಎಂಬ ಕಥೆಗಳು ಆಮೇಲಿನ ವ್ಯಾಖ್ಯಾನಗಳಲ್ಲಿ, ತಬರಿಯಂಥವರ ಸಂಗ್ರಹಗಳಲ್ಲಿ ಬರುತ್ತವೆ. ಕುರ್‌ಆನಿನಲ್ಲಿ ತಪ್ಪನ್ನು ಆದಮ್ ಮತ್ತು ಅವರ ಪತ್ನಿ ಇಬ್ಬರ ಮೇಲೂ ಹೊರಿಸಲಾಗಿದೆ.

ಸಣ್ಣ ಮಕ್ಕಳ ತರಗತಿಗೆ

ಹತ್ತು ವರ್ಷದೊಳಗಿನವರಿಗೆ ಪಟ್ಟಿ, ಶತಮಾನ ಬೇಡ. ಕಥೆ ಓದಿ, ಹಾಳೆ ಕೊಟ್ಟು, 14ನೇ ವಚನಕ್ಕೆ ಮೊದಲಿನ ಹಾವನ್ನು ಬಿಡಿಸಿ ಎಂದು ಹೇಳಿ. ಹೊಟ್ಟೆಯಿಂದ ಹರಿದಾಡುವುದು ಶಿಕ್ಷೆಯಾದರೆ ಮೊದಲು ಹೇಗಿತ್ತು? ಕಾಲು, ರೆಕ್ಕೆ, ಕೋಲಿನಂತೆ ನೆಟ್ಟಗೆ, ಎಲ್ಲ ತರಹದ ಚಿತ್ರಗಳೂ ಬರುತ್ತವೆ, ಯಾವುದನ್ನೂ ತಿದ್ದಬೇಡಿ. ಮೈಕೆಲೆಂಜಲೋ ರೋಮಿನ ಸಿಸ್ಟೀನ್ ಚಾಪೆಲಿನ ಒಳಚಾವಣಿಯಲ್ಲಿ ಅದಕ್ಕೆ ಹೆಣ್ಣಿನ ಮೈ ಬಿಡಿಸಿದ್ದಾನೆ. ಬೈಬಲಿನಲ್ಲಿ ಅದೂ ಇಲ್ಲ. ಮರಕ್ಕೆ ಸುತ್ತಿಕೊಂಡ, ಹೆಡೆ ಬಿಚ್ಚಿದ ನಾಗರಹಾವಿನ ಬಣ್ಣದ ಚಾರ್ಟು ಗೋಡೆಯಲ್ಲಿದ್ದರೆ ಆ ದಿನ ತೆಗೆದಿಡಿ, ಇಲ್ಲದಿದ್ದರೆ ಇಪ್ಪತ್ತು ಮಕ್ಕಳೂ ಅದನ್ನೇ ನಕಲು ಮಾಡುತ್ತಾರೆ.

ಯಾವಾಗ ನಡೆಸಬೇಕು

ಕಥೋಲಿಕರಲ್ಲಿ 8 ಡಿಸೆಂಬರ್, ನಿಷ್ಕಳಂಕ ಮಾತೆಯ ಹಬ್ಬದ ಮೊದಲ ವಾಚನ ಆದಿಕಾಂಡ 3:9-15, 20. ಮೂರು ವರ್ಷಗಳ ವಾಚನ ಚಕ್ರದ 'ಎ' ವರ್ಷದಲ್ಲಿ, ತಪಸ್ಸುಕಾಲದ ಮೊದಲ ಭಾನುವಾರ 3:1-7 ಓದುತ್ತಾರೆ. ಲೆಕ್ಷನರಿ (ವಾಚನಗಳ ಪಟ್ಟಿ) ಅನುಸರಿಸುವ ಪ್ರೊಟೆಸ್ಟಂಟ್ ಸಭೆಗಳಲ್ಲೂ ಅದೇ ದಿನ ಅದೇ ಭಾಗ ಬರುತ್ತದೆ. ತಾಮ್ರದ ಹಾವಿನ ವಾಚನ 14 ಸೆಪ್ಟೆಂಬರ್, ಪವಿತ್ರ ಶಿಲುಬೆಯ ಹಬ್ಬಕ್ಕೆ. ಹೀಗೆ ಹಂಚಿಹೋಗಿರುವುದರಿಂದ ಭಾನುವಾರ ಮತ್ತು ಹಬ್ಬಗಳಿಗೆ ಮಾತ್ರ ಬರುವವರಿಗೆ ಹಾವಿನ ಮಾತು ಒಂದು ದಿನ, ಶಾಪ ಇನ್ನೊಂದು ದಿನ ಕೇಳುತ್ತದೆ. ದೇವರು ಹಾವಿನ ಮಾತನ್ನು ಅರ್ಧ ಒಪ್ಪುವ 3:22 ಆ ಎರಡೂ ದಿನಗಳ ಪಾಲಿಗೆ ಬರುವುದಿಲ್ಲ. ನಿಮ್ಮ ಮೂರು ಬೈಠಕ್ಕುಗಳನ್ನು ಈ ದಿನಗಳಲ್ಲಿ ಯಾವುದಾದರೊಂದರ ಹಿಂದಿನ ಮೂರು ವಾರಗಳಿಗೆ ಇಟ್ಟುಕೊಳ್ಳಿ, ಆ ದಿನದ ಪ್ರಸಂಗ ಮಾಡುವ ಫಾದರಿಗೋ ಸಭಾಪಾಲಕರಿಗೋ ಗುಂಪಿನಲ್ಲಿ ಎದ್ದ ಪ್ರಶ್ನೆಗಳ ಪಟ್ಟಿಯನ್ನು ಒಂದು ವಾರ ಮೊದಲೇ ಬರೆದು ಕೊಡಿ.